ಮೃತ ನೌಕರರು ಕೆಲಸಕ್ಕೆ ಹಾಜರಾಗತಕ್ಕದ್ದು

ಹಾಸಿಗೆ ತಯಾರಿಸುವ ಕಂಪನಿಯೊಂದರ ಹಿರಿಯ ಉದ್ಯೋಗಿಯೂ, ಅಲ್ಲಿನ ಸಾಫ್ಟ್‌ವೇರಿನ ಉಸ್ತುವಾರಿಯೂ ಆಗಿದ್ದ ಕೀಲಿಯಕ್ಕ ಸೋಮವಾರ ಬೆಳಿಗ್ಗೆ, ಕಚೇರಿಯ ವೇಳೆಯಲ್ಲೇ, ಎಲ್ಲ ನಿಯಮಗಳಿಗೆ ಅನುಸಾರವಾಗಿ ತೀರಿಕೊಂಡಳು. ಆ ಹೊತ್ತಿಗೆ ಅವಳು ತನ್ನ ಮೇಜಿನ ಮುಂದೆ ಕೂತು ಟೀಯಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು. ಸುದ್ದಿ ಎಲ್ಲರಿಗಿಂತ ಮೊದಲು ತಿಳಿದದ್ದೂ ಅವಳಿಗೇ, ಯಾಕೆಂದರೆ ಕಂಪ್ಯೂಟರು ಹೊರಡಿಸುವ ಪ್ರಕಟಣೆಗಳೆಲ್ಲ ಮೊದಲು ಅವಳ ಪರದೆಗೆ ಬಂದು ಆಮೇಲೆ ಊರಿಗೆ ಹೋಗುತ್ತಿದ್ದವು. "ನಮ್ಮೆಲ್ಲರ ಪ್ರೀತಿಯ ಕೀಲಿಯಕ್ಕನವರು ಇನ್ನಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಅವರ ಕುರ್ಚಿ, ಬೀರು ಮತ್ತು ಟೀ ಕಪ್ಪನ್ನು ಮಧ್ಯಾಹ್ನದೊಳಗೆ ಹಿಂಪಡೆಯಲಾಗುವುದು." ಓದಿ ಮುಗಿಸುವಷ್ಟರಲ್ಲಿ ಬಿಸ್ಕತ್ತು ಮುರಿದು ಕಪ್ಪಿನ ತಳ ಸೇರಿತು. "ಕರ್ಮ" ಅಂದುಕೊಂಡು ಅವಳು ಚಮಚ ಹುಡುಕಿದಳು.

ಇದು ಹೇಗಾಯಿತು ಅಂತ ಹೇಳಬೇಕಾದರೆ ಮೂರು ಮನೆಗಳ ವಿಷಯ ಹೇಳಬೇಕು.

ಕಂಪನಿ ಒಂದು ದೊಡ್ಡ ಸಾಫ್ಟ್‌ವೇರ್ ಕೊಂಡಿತ್ತು. ಹತ್ತಿ ಕೊಳ್ಳುವುದರಿಂದ ಹಿಡಿದು ಹಾಸಿಗೆ ಮಾರುವ ತನಕ, ಸಂಬಳ, ರಜೆ, ಗೇಟಿನ ಕಾರ್ಡು ಎಲ್ಲವೂ ಅದರ ಹೊಟ್ಟೆಯೊಳಗೇ. ಬಂದಾಗ ಅದು ಸಾದಾ ಸೀದಾ ಇತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಈ ಕಂಪನಿಯಲ್ಲಿ ಊರಿಗೆ ಊರೇ ಎಡವಟ್ಟು. ಗೋದಾಮಿನ ಮುಖ್ಯಸ್ಥರು, "ಕೆಂಪು ಬಣ್ಣ ನೋಡಿದ್ರೆ ನನಗೆ ಬಿಪಿ ಏರುತ್ತೆ" ಅಂದರು. ಗೋದಾಮು ಖಾಲಿಯಿದ್ದರೂ ಪರದೆ ಹಸಿರಾಗಿಯೇ ಇರುವಂತೆ ಮಾಡಲಾಯಿತು. ಮಾರಾಟದವರಿಗೆ 'ತಿರಸ್ಕೃತ' ಅನ್ನುವ ಮಾತು ಸರಿಬರಲಿಲ್ಲ. ಗಿರಾಕಿಗಳು ಬೈದು ವಾಪಸ್ ಕಳಿಸಿದ ಹಾಸಿಗೆಗಳಿಗೆ 'ತವರಿಗೆ ಬಂದ ಹಾಸಿಗೆ' ಎಂದು ಹೆಸರಾಯಿತು. ಕಂಪನಿಯ ಯಜಮಾನರನ್ನು ಎಲ್ಲರೂ ದೊಡ್ಡವರು ಅಂತಲೇ ಕರೆಯುತ್ತಿದ್ದದ್ದು. ಅವರು ಏನೂ ಕೇಳಲಿಲ್ಲ, ತಮ್ಮ ಒಪ್ಪಿಗೆಯ ಗುಂಡಿ ಬೇರೆಯವರದಕ್ಕಿಂತ ಸ್ವಲ್ಪ ದೊಡ್ಡದಿರಲಿ ಅಂದರು, ಅಷ್ಟೇ.

ಸಾಫ್ಟ್‌ವೇರ್ ಮಾರಿದವರು ತಲೆ ಚಚ್ಚಿಕೊಂಡರು. ಹೀಗೆ ಒಬ್ಬೊಬ್ಬರ ಅಳತೆಗೆ ಹೊಲಿಯುವುದಾದರೆ, ಓಡುತ್ತಿರುವ ಯಂತ್ರಕ್ಕೆ ಕೈ ಹಾಕಬೇಡಿ, ಅದರ ಮೂರು ಪ್ರತಿ ಇಟ್ಟುಕೊಳ್ಳಿ ಅಂದರು. ಅವರು ಅದಕ್ಕೆ ಎನ್ವಿರಾನ್ಮೆಂಟ್ ಅಂದರು. ಕಂಪನಿಯವರು ನಾಲಿಗೆಗೆ ಸುಲಭವಾಗಲೆಂದು ಮನೆ ಅಂದರು. ಬದಲಾವಣೆ ಮಾಡುವುದು ಕಟ್ಟೋ ಮನೆಯಲ್ಲಿ. ಸರಿಯಾಗಿದೆಯಾ ಅಂತ ಪರೀಕ್ಷಿಸುವುದು ನೋಡೋ ಮನೆಯಲ್ಲಿ. ನಿಜವಾದ ವ್ಯವಹಾರ ಇರೋ ಮನೆಯಲ್ಲಿ. ನೋಡೋ ಮನೆಯಲ್ಲಿ ಪಾಸಾಗದ ಯಾವುದೂ ಇರೋ ಮನೆಯ ಹೊಸಿಲು ದಾಟುವಂತಿಲ್ಲ. ಈ ನಿಯಮ ಬರೆದವಳೂ, ಮೂರೂ ಮನೆಯ ಕೀಲಿ ಇಟ್ಟುಕೊಂಡವಳೂ ಒಬ್ಬಳೇ. ಅದಕ್ಕೇ ಅವಳು ಕೀಲಿಯಕ್ಕ.

ಪರೀಕ್ಷೆಗೆ ನಿಜವಾದ ನೌಕರರ ಹೆಸರೇ ಬೇಕು. ಒಬ್ಬರೂ ಕೊಡಲಿಲ್ಲ. ತಪ್ಪಿ ಡಿಸ್ಮಿಸ್ ಆಗಿಬಿಟ್ಟರೆ ಅಂತ ಒಬ್ಬರು, ನಮ್ಮ ಮನೆಯಾಕೆ ಬೈತಾಳೆ ಅಂತ ಒಬ್ಬರು. "ನನ್ನದೇ ಹಾಕ್ಕೊಳ್ಳಿ, ಹೆಸರೇನು ಸವೆಯುತ್ತಾ" ಅಂದಳು ಕೀಲಿಯಕ್ಕ. ಅಂದಿನಿಂದ ನೋಡೋ ಮನೆಯಲ್ಲಿ ಅವಳು ಪಡದ ಪಾಡಿಲ್ಲ. ಮದುವೆಯ ರಜೆ ಪರೀಕ್ಷಿಸಲು ನಾಲ್ಕು ಸಲ ಮದುವೆಯಾದಳು. ಹೆರಿಗೆ ರಜೆಗೆಂದು ಅವಳಿ ಮಕ್ಕಳನ್ನು ಹೆತ್ತಳು, ಪರದೆ ಅದಕ್ಕೂ ಜಗ್ಗದಿದ್ದಾಗ ಮುಂದಿನ ವಾರವೇ ತ್ರಿವಳಿ. ಒಂದು ಮಧ್ಯಾಹ್ನ ಕಂಪನಿಯ ಯಜಮಾನಿಯಾಗಿ, ಸಂಜೆಗೆ ದಿಂಬು ಕದ್ದ ಆರೋಪದ ಮೇಲೆ ಅಮಾನತಾದಳು. ಶನಿವಾರ ಸಂಜೆ ನೋಡೋ ಮನೆಯನ್ನೆಲ್ಲ ತೊಳೆದು, ಇರೋ ಮನೆಯ ಹೊಸ ನಕಲು ತುಂಬಿಸಿದರೆ ಮುಗಿಯಿತು: ಗಂಡಂದಿರೂ ಇಲ್ಲ, ಮಕ್ಕಳೂ ಇಲ್ಲ, ಕಳ್ಳತನವೂ ಇಲ್ಲ.

ಇರೋ ಮನೆಯಲ್ಲಿ ಮಾತ್ರ ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಬೇರೆ ಊರಿನಲ್ಲಿದ್ದಳು, ಚೊಚ್ಚಲ ಬಸುರಿ. ಅಳಿಯ ಹಡಗಿನಲ್ಲಿ ಎಂಜಿನಿಯರು. ಹಡಗು ಬಂದರು ಮುಟ್ಟುವಷ್ಟರಲ್ಲಿ ಮಗು ಕೂರಲು ಕಲಿತಿರುತ್ತಿತ್ತು. "ಅಮ್ಮಾ, ನೀನು ಪಕ್ಕದಲ್ಲಿಲ್ಲದೆ ನಾನು ಆಸ್ಪತ್ರೆಗೆ ಕಾಲಿಡಲ್ಲ" ಅಂತ ಮಗಳು ಹೇಳಿಬಿಟ್ಟಿದ್ದಳು. ಹಾಗೆ ಹೇಳಲು ಕಾರಣವಿತ್ತು. ಮಗಳಿಗೆ ಕಾಮಾಲೆಯಾದಾಗ ಕೀಲಿಯಕ್ಕ ಹೊರಟಿದ್ದಳು, ಇರೋ ಮನೆ ಕುಸಿದುಬಿತ್ತು. ಮಗಳು ಹೊಸ ಮನೆ ಹೂಡಿದಾಗ ಹೊರಟಿದ್ದಳು, ಸಂಬಳದ ಪರದೆ ಕೈಕೊಟ್ಟಿತು. ಈ ಸಲ ಏನೇ ಆಗಲಿ ಹೋಗಿಯೇ ತೀರಬೇಕು ಅಂತ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ರಜೆಗೆ ಅರ್ಜಿ ಹಾಕಿ ತಿಂಗಳಾಗಿತ್ತು. ದೊಡ್ಡವರ ದೊಡ್ಡ ಗುಂಡಿ ಅಲ್ಲಾಡಿರಲಿಲ್ಲ.

"ಸಾರ್, ಮಗಳ ಹೆರಿಗೆ."

"ಬಹಳ ಸಂತೋಷ. ಸ್ವಲ್ಪ ಮುಂದಕ್ಕೆ ಹಾಕೋಕಾಗುತ್ತಾ?"

"ಹೆರಿಗೇನಾ ಸಾರ್?"

"ವರ್ಷದ ಲೆಕ್ಕ ಮುಗಿದುಬಿಡಲಿ ಅಂತ ಹೇಳಿದೆ, ಅಷ್ಟೇ. ನನಗೂ ಮಕ್ಕಳಿದ್ದಾರಮ್ಮ, ಅರ್ಥ ಆಗುತ್ತೆ."

ಇಂಥ ಹೊತ್ತಿನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಿಗೆ ಸಾವಿನ ಪರದೆ ಬೇಕೆನ್ನಿಸಿತು. ಅವರನ್ನು ಕಚೇರಿಯಲ್ಲಿ ಸುತ್ತೋಲೆ ಸಾಹೇಬರು ಎನ್ನುತ್ತಿದ್ದರು. ದಿನಕ್ಕೊಂದು ಸುತ್ತೋಲೆ ಹೊರಡಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ವ್ಯಾಪಾರಕ್ಕೆ ಮಾರಕವಾದ್ದರಿಂದ ಕಚೇರಿಯ ಆವರಣದಲ್ಲಿ ಅದನ್ನು ಯಾರೂ ಉಚ್ಚರಿಸಕೂಡದು, ಬೇಕಿದ್ದರೆ 'ಕಾಲು ಇದ್ದಷ್ಟು ಹಾಸಿಗೆ ಕೊಳ್ಳು' ಎನ್ನಬಹುದು ಎಂಬ ಸುತ್ತೋಲೆಯೂ ಅವರದೇ.

"ಯಾರಾದ್ರೂ ತೀರಿಕೊಂಡ್ರೆ ಸಂತಾಪದ ಪ್ರಕಟಣೆ ತಾನಾಗೇ ಹೋಗಬೇಕು" ಅಂದರು ಸುತ್ತೋಲೆ. "ಕುರ್ಚಿ, ಬೀರು, ಕಪ್ಪು ವಾಪಸ್. ಆ ಜಾಗಕ್ಕೆ ಒಂದು ವರ್ಷ ಯಾರನ್ನೂ ತಗೋಬಾರದು, ಗೌರವ. ಆ ವರ್ಷ ಪೂರ್ತಿ ಸಂಬಳ ಮನೆಗೆ ಹೋಗಬೇಕು, ಮಾನವೀಯತೆ. ಮುಖ್ಯವಾದ್ದು, ಒಂದು ಸಲ ಸತ್ತರೆ ಸತ್ತ ಹಾಗೆ. ಹಿಂದಕ್ಕೆ ತಗೊಳ್ಳೋ ಗುಂಡಿಯೇ ಇರಬಾರದು."

"ತಪ್ಪಿ ಒತ್ತಿಬಿಟ್ರೆ ಸಾಹೇಬ್ರೇ?"

"ಸಾವಿನಲ್ಲಿ ತಪ್ಪು ಎಲ್ಲಿಂದ ಬರುತ್ತೆ? ಅಲ್ಲಾದ್ರೂ ಒಂದು ಶಿಸ್ತು ಇರಲಿ."

ಕೀಲಿಯಕ್ಕ ಕಟ್ಟೋ ಮನೆಯಲ್ಲಿ ಅದನ್ನು ಕಟ್ಟಿ, ನೋಡೋ ಮನೆಗೆ ತಂದು, ಶುಕ್ರವಾರ ವಾಡಿಕೆಯಂತೆ ತನ್ನ ಹೆಸರಿನಲ್ಲೇ ಸತ್ತಳು. ಒಪ್ಪಿಗೆ ಕೊಡುವವರ ಜಾಗದಲ್ಲೂ ಪರೀಕ್ಷೆಗೆಂದು ತನ್ನ ಹೆಸರನ್ನೇ ಹಾಕಿಕೊಂಡು ತಾನೇ ಒಪ್ಪಿಗೆ ಕೊಟ್ಟಳು. ಎಲ್ಲ ಸುಸೂತ್ರವಾಗಿ ಆಯಿತು. "ಬಹಳ ಚೆನ್ನಾಗಿ ಸತ್ತಿದ್ದೀರಿ" ಎಂದು ಸುತ್ತೋಲೆ ಸಾಹೇಬರು ಮನಃಪೂರ್ವಕವಾಗಿ ಅಭಿನಂದಿಸಿದರು.

ಶನಿವಾರ ಸಂಜೆ ಮನೆ ತೊಳೆಯಲು ಅವಳು ಇನ್ನೇನು ಕೈ ಹಾಕಬೇಕು, ದೊಡ್ಡವರು ಆಡಳಿತ ಮಂಡಳಿಯ ಹಿರಿಯರನ್ನು ಕರೆದುಕೊಂಡು ಒಳಗೆ ಬಂದರು. ಪರದೆಯ ಮೇಲೆ ನೋಡೋ ಮನೆ ತೆರೆದಿತ್ತು. ಮಾರಾಟ ಪರೀಕ್ಷಿಸಬೇಕಾದರೆ ಗೋದಾಮಿನಲ್ಲಿ ಮಾಲು ಇರಬೇಕಲ್ಲ, ಅವಳು ಧಾರಾಳವಾಗಿ ತುಂಬಿಸಿದ್ದಳು. ಕೊಂಡವರೂ ಅವಳೇ, ಆದ್ದರಿಂದ ಒಂದು ಹಾಸಿಗೆಯೂ ತವರಿಗೆ ಬಂದಿರಲಿಲ್ಲ. ಹಿರಿಯರು ಬಾಯಿ ಬಿಟ್ಟುಕೊಂಡು ನೋಡಿದರು, ಚಪ್ಪಾಳೆ ತಟ್ಟಿದರು. ಅವರನ್ನು ಕಾರು ಹತ್ತಿಸಿ ದೊಡ್ಡವರು ಓಡೋಡಿ ಬಂದರು.

"ನಮ್ಮ ಕಂಪನಿ ಇಷ್ಟು ಚೆನ್ನಾಗಿರೋದು ನನಗೆ ಯಾಕೆ ಹೇಳಿಲ್ಲ?"

"ಸಾರ್, ಅದು ನಿಜ ಅಲ್ಲ. ನೋಡೋ ಮನೆ."

"ನಿಜ ಅಲ್ಲ ಅಂದ್ರೆ? ನಾನೇ ಕಣ್ಣಾರೆ ನೋಡಿದೆ. ಸೋಮವಾರದಿಂದ ಎಲ್ಲರೂ ಇದರಲ್ಲೇ ಕೆಲಸ ಮಾಡಲಿ. ಆ ಹಳೇ ದರಿದ್ರ ಮನೆಗೆ ಬೀಗ ಹಾಕಿ."

"ಸಾರ್, ಇದರಲ್ಲಿ ನಾನು ಸತ್ತಿದ್ದೀನಿ."

"ಅದನ್ನ ಆಮೇಲೆ ನೋಡೋಣ. ಕಂಪನಿ ಮುಖ್ಯವೋ ನೀವು ಮುಖ್ಯವೋ? ಮನೆ ಬದಲಾಯಿಸಿಬಿಡಿ, ರಜೆಗೆ ನಾನೇ ಗುಂಡಿ ಒತ್ತುತ್ತೀನಿ."

ರಜೆ ಅಂದ ಕೂಡಲೇ ಅವಳು ಮೆತ್ತಗಾದಳು. ಭಾನುವಾರವಿಡೀ ಕೂತು ಮನೆ ಬದಲಾಯಿಸಿದಳು. ಸೋಮವಾರ ಬೆಳಿಗ್ಗೆ ಕಂಪನಿ ಹೊಸ ಮನೆಯಲ್ಲಿ ಕಣ್ಣುಬಿಟ್ಟಿತು, ಕೀಲಿಯಕ್ಕ ಕಣ್ಣು ಮುಚ್ಚಿದಳು.

ಮಂಗಳವಾರ ಗೇಟು ತೆರೆಯಲಿಲ್ಲ. ಗೇಟು ಕಾಯುವ ಅಣ್ಣ ಅವಳ ಕಾರ್ಡನ್ನು ಎರಡೆರಡು ಸಲ ಉಜ್ಜಿ ನೋಡಿದ. "ತಪ್ಪು ತಿಳ್ಕೋಬೇಡಿ ಅಕ್ಕ. ನಿಮ್ಮನ್ನ ನಾನು ಬಲ್ಲೆ. ಈ ಯಂತ್ರಕ್ಕೆ ಮುಖದಾಕ್ಷಿಣ್ಯ ಇಲ್ಲ ನೋಡಿ. ಸಂದರ್ಶಕರ ಚೀಟಿ ಬರೆದುಕೊಡ್ತೀನಿ." ಬರೆದ. ಯಾರನ್ನು ಕಾಣಬೇಕು? ದಿವಂಗತ ಕೀಲಿಯಕ್ಕ. ಸಂಬಂಧ? ಸ್ವತಃ. ಉದ್ದೇಶ? ಅಣ್ಣ ಪೆನ್ನು ಕಚ್ಚಿ ಯೋಚಿಸಿ, 'ಯೋಗಕ್ಷೇಮ' ಅಂತ ಬರೆದ.

ಅವತ್ತೇ ಸಂತಾಪ ಸಭೆ. ಅವಳಿಗೆ ಕುರ್ಚಿ ಇರಲಿಲ್ಲವಾದ್ದರಿಂದ ಗೋಡೆಗೆ ಒರಗಿ ನಿಂತಳು. "ಕೀಲಿಯಕ್ಕನವರ ಜಾಗ ತುಂಬಲು ಸಾಧ್ಯವೇ ಇಲ್ಲ" ಅಂದರು ದೊಡ್ಡವರು ಗದ್ಗದಿತರಾಗಿ. ಅದು ಭಾಷಣವಲ್ಲ, ನಿಯಮ. ಮೌನಾಚರಣೆಯ ನಡುವೆ ಗೋಡೆಯ ಮೇಲಿನ ಅವಳ ಫೋಟೋ ತಲೆಕೆಳಗಾಯಿತು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಅವಳು ಹೋಗಿ ಪ್ರೊಜೆಕ್ಟರಿನ ತಂತಿ ಸರಿಮಾಡಿ ಬಂದಳು. "ಮೌನ ಮುಂದುವರಿಯಲಿ" ಅಂದರು ಸುತ್ತೋಲೆ.

ಸಭೆ ಮುಗಿದ ಮೇಲೆ ಅವಳು ಇಬ್ಬರ ಮುಂದೆಯೂ ನಿಂತಳು. "ಸಾರ್, ರಜೆ."

ದೊಡ್ಡವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಗುಂಡಿ ಒತ್ತಲು ಹೋದರು. ಗುಂಡಿ ದೊಡ್ಡದಾಗಿಯೇ ಇತ್ತು, ಅದರ ಮುಂದೆ ಅವಳ ಹೆಸರಿರಲಿಲ್ಲ.

"ಮೃತ ನೌಕರರು ರಜೆಗೆ ಅರ್ಹರಲ್ಲ" ಅಂದರು ಸುತ್ತೋಲೆ.

"ಹಾಗಾದ್ರೆ ರಜೆ ಇಲ್ಲದೇನೇ ಹೋಗಲಾ?"

"ಹೋಗಿ ಅಂತ ನಿಯಮ ಹೇಳಲ್ಲ. ಹೋಗಬೇಡಿ ಅಂತಲೂ ಹೇಳಲ್ಲ. ಚಾರ್ಜ್ ಒಪ್ಪಿಸಿ ಹೋಗಿ ಅಂತ ಹೇಳುತ್ತೆ."

"ಯಾರಿಗೆ ಒಪ್ಪಿಸಲಿ?"

"ನಿಮ್ಮ ಜಾಗಕ್ಕೆ ಬರೋರಿಗೆ."

"ಯಾರು ಬರ್ತಾರೆ?"

"ಒಂದು ವರ್ಷ ಯಾರೂ ಬರಲ್ಲ. ಗೌರವ ಇದೆಯಲ್ಲ."

"ನನ್ನನ್ನ ಬದುಕಿಸಿಬಿಡಿ ಹಾಗಾದ್ರೆ! ಕಟ್ಟೋ ಮನೆಯಲ್ಲಿ ಒಂದು ಗುಂಡಿ ಮಾಡ್ತೀನಿ, ಅರ್ಧ ದಿನದ ಕೆಲಸ."

"ಮಾಡಿ, ಯಾರು ಬೇಡ ಅಂದ್ರು? ಆದ್ರೆ ನೋಡೋ ಮನೆಯಲ್ಲಿ ಪರೀಕ್ಷೆ ಆಗದೆ ಇರೋ ಮನೆಗೆ ತರೋ ಹಾಗಿಲ್ಲ. ನೋಡೋ ಮನೆಯಲ್ಲಿ ಈಗ ನಾವೆಲ್ಲ ಇದ್ದೀವಿ. ಪರೀಕ್ಷೆ ಎಲ್ಲಿ ಮಾಡ್ತೀರಿ?"

ಕೀಲಿಯಕ್ಕನ ಮೈಯೆಲ್ಲ ಉರಿದುಹೋಯಿತು. ತಾನೇ ಬರೆದ ನಿಯಮ ತನ್ನ ಕಾಲಿಗೇ ಸುತ್ತಿಕೊಂಡಿತ್ತು. ಅವಳು ಸುತ್ತೋಲೆಯ ಮುಖವನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ಕೆಟ್ಟತನ ಇದ್ದಿದ್ದರೆ ಬೈದು ಹಗುರಾಗಬಹುದಿತ್ತು. ಏನೂ ಇರಲಿಲ್ಲ. ಅವಳು ಹೋಗಿ ಎಂದಿನಂತೆ ಕೆಲಸಕ್ಕೆ ಕೂತಳು, ಕುರ್ಚಿ ಇಲ್ಲದ್ದರಿಂದ ಹಳೇ ಹಾಸಿಗೆಯ ಮಾದರಿಯೊಂದನ್ನು ಮಡಚಿ ಹಾಕಿಕೊಂಡು.

ಗುರುವಾರ ಮಧ್ಯಾಹ್ನ ಫೋನು ಬಂತು. ಮಗಳು. "ಅಮ್ಮಾ, ನೋವು ಶುರುವಾಯ್ತು. ಡಾಕ್ಟರು ಹೇಳಿದ್ದಕ್ಕಿಂತ ಮುಂಚೇನೇ. ಪಕ್ಕದ ಮನೆ ಆಂಟಿ ಕಾರಲ್ಲಿ ಕರ್ಕೊಂಡು ಹೋಗ್ತಿದ್ದಾರೆ. ನೀನು..."

"ಬರ್ತಿದ್ದೀನಿ."

"ರಜೆ ಕೊಟ್ರಾ?"

"ಇಲ್ಲಮ್ಮ, ತೀರಿಕೊಂಡಿದ್ದೀನಿ. ಬಂದು ಹೇಳ್ತೀನಿ, ನೀನು ಉಸಿರು ಬಿಗಿಹಿಡೀಬೇಡ."

ಕೈಚೀಲ ಎತ್ತಿಕೊಂಡು ಒಂದೇ ಉಸಿರಿಗೆ ಗೇಟಿಗೆ ಬಂದಳು. ಗೇಟಿನ ಅಣ್ಣ ಚೀಟಿಯನ್ನು ತಿರುವಿ ನೋಡಿದ. "ಅಕ್ಕ, ನೀವು ಯಾರನ್ನ ಕಾಣೋಕೆ ಬಂದಿದ್ರೋ ಅವರ ಸಹಿ ಇಲ್ಲ. ಸಹಿ ಇಲ್ಲದೆ ಕಚೇರಿ ಬಿಡೋ ಹೊತ್ತಿಗೆ ಮುಂಚೆ ಹೊರಗೆ ಬಿಡೋ ಹಾಗಿಲ್ಲ."

"ಯಾರನ್ನ ಕಾಣೋಕೆ ಬಂದಿದ್ದೆ?"

"ದಿವಂಗತ ಕೀಲಿಯಕ್ಕನವರನ್ನ."

"ಕೊಡಿ ಪೆನ್ನು."

ಸಹಿ ಹಾಕಿದಳು. ಅಣ್ಣ ಅದನ್ನು ಬೆಳಕಿಗೆ ಹಿಡಿದು, "ಅವರದೇ" ಅಂದ. ಸೆಲ್ಯೂಟ್ ಹೊಡೆದು ಗೇಟು ತೆರೆದ. "ಗಂಡೋ ಹೆಣ್ಣೋ ಒಂದು ಫೋನ್ ಮಾಡಿ ಅಕ್ಕ" ಅಂತ ಹಿಂದಿನಿಂದ ಕೂಗಿದ.

ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಅವಳು ದಾರಿಯುದ್ದಕ್ಕೂ ಹೆದರಿಕೊಂಡೇ ಇದ್ದಳು. ಇನ್ನೇನು ಫೋನು ಬರುತ್ತದೆ, ಸಂಬಳದ ಪರದೆ ಕುಸಿದಿದೆ ಅನ್ನುತ್ತಾರೆ, ತಾನು ಇಳಿದು ವಾಪಸ್ ಬಸ್ಸು ಹತ್ತುತ್ತೇನೆ ಅನ್ನಿಸುತ್ತಿತ್ತು. ಫೋನು ಬರಲಿಲ್ಲ. ಸತ್ತವರಿಗೆ ಯಾರು ಫೋನು ಮಾಡುತ್ತಾರೆ? ಆಸ್ಪತ್ರೆ ಮುಟ್ಟಿದಾಗ ಮಗಳನ್ನು ತಳ್ಳುಮಂಚದ ಮೇಲೆ ಒಳಗೆ ಒಯ್ಯುತ್ತಿದ್ದರು. ಕೀಲಿಯಕ್ಕ ಓಡಿಹೋಗಿ ಕೈ ಹಿಡಿದುಕೊಂಡಳು. ಆ ಹುಡುಗಿ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯ ಗುರುತು ಎರಡು ದಿನ ಹೋಗಲಿಲ್ಲ.

ಹೆಣ್ಣು ಮಗು. ಮೂಗು ಅಜ್ಜಿಯದು. ಎಲ್ಲ ಶಾಂತವಾದ ಮೇಲೆ ಕೀಲಿಯಕ್ಕ ನಡೆದದ್ದನ್ನೆಲ್ಲ ಹೇಳಿದಳು. ಮಗಳು ದಿಂಬಿಗೆ ಒರಗಿ ಕೇಳಿಸಿಕೊಂಡಳು, ನಕ್ಕಳು, ಹೊಲಿಗೆ ಎಳೆದು ಅಯ್ಯೋ ಅಂದಳು. ಆಮೇಲೆ ತಾಯಿಯ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಂದಳು: "ಬದುಕಿದ್ದಾಗ ನೀನು ಒಂದು ಸಲಾನೂ ಬಂದಿರಲಿಲ್ಲ ನೋಡಮ್ಮ."

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದ ವಿಷಯ ಹೇಳಿದ್ದಳು. ಕೀಲಿಯಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತು ಮುಖ ತೊಳೆದು ಬಂದಳು.

ತಿಂಗಳ ಕೊನೆಗೆ ಸಂಬಳ ಸರಿಯಾಗಿ ಮನೆಗೆ ಬಂತು. ಗೈರುಹಾಜರಿಯ ಪಟ್ಟಿಯಲ್ಲಿ ಹೆಸರಿಲ್ಲ, ಯಾಕೆಂದರೆ ಸತ್ತವರು ಗೈರಾಗುವುದಿಲ್ಲ. ಈ ಸುದ್ದಿ ಕಚೇರಿಯಲ್ಲಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಅರ್ಜಿ ಹಾಕಿದವರು ಗೋದಾಮಿನ ಮುಖ್ಯಸ್ಥರು. ಪರೀಕ್ಷೆಯ ಕಾಲದಲ್ಲಿ ಒಪ್ಪಿಗೆ ಕೊಡುವವರ ಜಾಗದಲ್ಲಿ ಇದ್ದ ಹೆಸರನ್ನು ಯಾರೂ ಬದಲಾಯಿಸಿರಲಿಲ್ಲವಾದ್ದರಿಂದ ಅರ್ಜಿ ನೇರ ಕೀಲಿಯಕ್ಕನ ಫೋನಿಗೆ ಬಂತು. ಮರಣದ ಕಾರಣ: 'ಮನೆಯ ಛಾವಣಿ ಸೋರುತ್ತಿದೆ'. ಅವಳು ಒಂದು ಗಳಿಗೆ ಯೋಚಿಸಿದಳು. ಮಂಜೂರು ಮಾಡಿದಳು. ಮಾರಾಟದವರೊಬ್ಬರು ತಮ್ಮನ ಮದುವೆಗೆಂದು ತೀರಿಕೊಂಡರು. ಲೆಕ್ಕದ ವಿಭಾಗದ ಗುಮಾಸ್ತೆಯೊಬ್ಬಳು ಕಾರಣದ ಜಾಗದಲ್ಲಿ 'ಏನಿಲ್ಲ, ಸುಮ್ಮನೆ' ಎಂದು ಬರೆದಿದ್ದಳು. ಅವಳದನ್ನು ಕೀಲಿಯಕ್ಕ ಎಲ್ಲರಿಗಿಂತ ಮೊದಲು ಮಾಡಿಕೊಟ್ಟಳು.

ಸುತ್ತೋಲೆ ಸಾಹೇಬರು ಸುಮ್ಮನೆ ಕೂರುವವರೇ? ಹೊರಟಿತು ಸುತ್ತೋಲೆ:

"ಈ ಮೂಲಕ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಇತ್ತೀಚೆಗೆ ಕೆಲವು ನೌಕರರು ಪೂರ್ವಾನುಮತಿ ಇಲ್ಲದೆ ಮನಬಂದಂತೆ ಮರಣ ಹೊಂದುತ್ತಿರುವುದು ಆಡಳಿತದ ಗಮನಕ್ಕೆ ಬಂದಿದೆ. ಇನ್ನು ಮುಂದೆ ಮರಣ ಹೊಂದಲಿಚ್ಛಿಸುವವರು ಒಂದು ವಾರ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಒಂದೇ ವಿಭಾಗದಲ್ಲಿ ಒಂದೇ ವೇಳೆ ಇಬ್ಬರಿಗಿಂತ ಹೆಚ್ಚು ಜನ ಸಾಯುವಂತಿಲ್ಲ. ವರ್ಷಾಂತ್ಯದಲ್ಲಿ ಸಾವಿಗೆ ಅವಕಾಶವಿಲ್ಲ. ಮಂಜೂರಾದ ಅವಧಿ ಮುಗಿದ ಕೂಡಲೇ ಮೃತ ನೌಕರರು ಸಂದರ್ಶಕರ ಚೀಟಿ ಪಡೆದು ಕೆಲಸಕ್ಕೆ ಹಾಜರಾಗತಕ್ಕದ್ದು. ತಮ್ಮ ಟೀ ಕಪ್ಪನ್ನು ತಾವೇ ತರತಕ್ಕದ್ದು."

ಎಲ್ಲರಿಗೂ ಇದು ನ್ಯಾಯವಾಗಿಯೇ ಕಂಡಿತು. ಕೀಲಿಯಕ್ಕ ಮಾತ್ರ ಅವಧಿ ಗೊತ್ತುಮಾಡದೆ ಸತ್ತಿದ್ದರಿಂದ ಮಗಳ ಮನೆಯಲ್ಲೇ ಉಳಿದಳು. ಜನ ಅಚ್ಚುಕಟ್ಟಾಗಿ ಸರದಿಯ ಪ್ರಕಾರ ಸತ್ತರು, ಛಾವಣಿ ರಿಪೇರಿ ಮಾಡಿಸಿದರು, ಮದುವೆ ಮುಗಿಸಿದರು, ಸಮಯಕ್ಕೆ ಸರಿಯಾಗಿ ವಾಪಸ್ ಬಂದು ದುಡಿದರು. ಸುತ್ತೋಲೆಯವರೇ ತಮ್ಮ ಸಂತಾಪದ ಪ್ರಕಟಣೆಯಲ್ಲಿ ಎರಡು ಕಾಗುಣಿತ ತಿದ್ದಿ ಹತ್ತು ದಿನಕ್ಕೆ ತೀರಿಕೊಂಡು, ಹತ್ತಿಯ ದೂಳಿಲ್ಲದ ಒಳ್ಳೆ ಗಾಳಿಯಲ್ಲಿ ಓಡಾಡಿ ಮೈತುಂಬಿಕೊಂಡು ಬಂದರು. ಆಡಳಿತ ಮಂಡಳಿಯ ಹಿರಿಯರು ಪರದೆ ನೋಡಿದಾಗ ಎಲ್ಲ ಹಸಿರು. ಇಷ್ಟು ಕಡಿಮೆ ನೌಕರರಿಂದ ಇಷ್ಟು ಕೆಲಸ ತೆಗೆಸಿದ ಕಂಪನಿ ಇನ್ನೊಂದಿಲ್ಲವೆಂದು ದೊಡ್ಡವರಿಗೆ ಶಾಲು ಹೊದಿಸಿದರು.

ಒಂದು ಮಧ್ಯಾಹ್ನ ಮೊಮ್ಮಗಳು ಕೀಲಿಯಕ್ಕನ ತೊಡೆಯ ಮೇಲೆ ಮಲಗಿದ್ದಳು. ಫೋನು ಸದ್ದಾಯಿತು. ದೊಡ್ಡವರು. ಅವರ ದನಿ ಎಂದಿನಂತೆ ಇರಲಿಲ್ಲ.

"ಕೀಲಿಯಕ್ಕ, ಇಡೀ ಕಂಪನಿಯಲ್ಲಿ ಈಗ ಬದುಕಿರೋನು ನಾನೊಬ್ಬನೇ ಕಣಮ್ಮ. ಗೇಟಲ್ಲಿ ಕಾರ್ಡು ಉಜ್ಜೋನು ನಾನೊಬ್ಬನೇ. ನನ್ನದೂ ಒಂದು ಮಾಡಿಬಿಡ್ತೀರಾ?"

"ಅದಕ್ಕೇನು ಸಾರ್. ಎಷ್ಟು ದಿನ?"

"ಹದಿನೈದು ದಿನ ಸಾಕು. ಜಾಸ್ತಿ ಆದ್ರೆ ಚೆನ್ನಾಗಿರಲ್ಲ."

"ಕಾರಣ ಏನು ಹಾಕಲಿ?"

ಆ ಕಡೆ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಮಗ ಊರಿಗೆ ಬಂದಿದ್ದಾನೆ. ನೀವೇ ಏನಾದ್ರೂ ಚೆನ್ನಾಗಿ ಬರೆದುಬಿಡಿ" ಅಂದರು.

ಅವಳು ಮಗುವಿನ ತಲೆ ಅಲುಗದಂತೆ ಒಂದೇ ಕೈಯಲ್ಲಿ ಬರೆದಳು, ಒತ್ತಿದಳು, ಫೋನು ಕೆಳಗಿಟ್ಟಳು. ಪಕ್ಕದ ಮಂಚದಿಂದ ಮಗಳು ನಿದ್ದೆಗಣ್ಣಲ್ಲಿ ಕೇಳಿದಳು.

"ಯಾರಮ್ಮ?"

"ನಮ್ಮ ದೊಡ್ಡವರು. ತೀರಿಕೊಂಡರು."

"ಅಯ್ಯೋ, ಯಾವಾಗ?"

"ಸೋಮವಾರದಿಂದ."

"ಒಳ್ಳೇದಾಯ್ತು ಬಿಡು" ಅಂದಳು ಮಗಳು, ಮಗ್ಗುಲು ಬದಲಾಯಿಸುತ್ತಾ. "ಪಾಪ, ಅವರ ಮನೆಯವರಿಗೂ ಸ್ವಲ್ಪ ದಿನ ಸಿಕ್ಕ ಹಾಗಾಯ್ತು."